ಇಂಗ್ಲೆಂಡಿಗೆ ಹೊಸದಾಗಿ ಬಂದಿದ್ದೀರಾ? ಮಕ್ಕಳ ಮನಸ್ಸಿಗೆ ಹುಷಾರಿಲ್ಲದಾಗ ಯಾರನ್ನು ಕೇಳಬೇಕು

ನಾವು ರೆಡಿಂಗಿಗೆ ಬಂದು ಹನ್ನೆರಡು ವರ್ಷ ಆಯಿತು. ಬಂದ ಎರಡನೇ ವರ್ಷ ಮಗಳು ಇಯರ್ ಸೆವೆನ್‌ಗೆ, ಅಂದರೆ ಹೈಸ್ಕೂಲಿನ ಮೊದಲ ವರ್ಷಕ್ಕೆ, ಸೇರಿದಳು. ಆಮೇಲೆ ಪ್ರತಿ ಭಾನುವಾರ ಸಂಜೆ ಅವಳಿಗೆ ಹೊಟ್ಟೆನೋವು. ಓಮದ ನೀರು ಕುಡಿಸಿದೆ, ದೃಷ್ಟಿ ತೆಗೆದೆ, ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. ಸೋಮವಾರ ಬೆಳಿಗ್ಗೆ ಬ್ಯಾಗು ತೆಗೆದರೆ ಶುಕ್ರವಾರದ ಚಿತ್ರಾನ್ನ ಡಬ್ಬಿಯಲ್ಲಿ ಹಾಗೇ ಇರುತ್ತಿತ್ತು. ನೋವಿರುವುದು ಮನಸ್ಸಿನಲ್ಲಿ ಅಂತ ನನಗೆ ಹೊಳೆಯಲು ಐದು ತಿಂಗಳು ಬೇಕಾಯಿತು. ನಿಮ್ಮ ಮನೆಯಲ್ಲಿ ಅಷ್ಟು ದಿನ ಹಿಡಿಯದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಬಂದ ಮೊದಲ ವಾರವೇ ಹತ್ತಿರದ ಜಿಪಿ ಸರ್ಜರಿಯಲ್ಲಿ, ಅಂದರೆ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ಕಿನಲ್ಲಿ, ಮನೆಮಂದಿಯೆಲ್ಲ ಹೆಸರು ಬರೆಸಿ. ಹುಷಾರು ತಪ್ಪುವ ತನಕ ಕಾಯಬೇಡಿ. ಹೆಸರು ಬರೆಸಲು ದುಡ್ಡಿಲ್ಲ. ವಿಳಾಸದ ಪುರಾವೆ ಇನ್ನೂ ಕೈಗೆ ಬಂದಿಲ್ಲ ಅನ್ನುವ ಕಾರಣಕ್ಕೆ ಅವರು ವಾಪಸ್ ಕಳಿಸುವ ಹಾಗಿಲ್ಲ. ನಮ್ಮಲ್ಲಿ ಹೆಚ್ಚಿನವರು ವೀಸಾ ಜೊತೆಗೇ ಹೆಲ್ತ್ ಸರ್‌ಚಾರ್ಜ್ ಕಟ್ಟಿ ಬಂದಿರುತ್ತೇವೆ. ವರ್ಷಕ್ಕೆ ದೊಡ್ಡವರಿಗೆ 1,035 ಪೌಂಡ್, ಮಕ್ಕಳಿಗೂ ವಿದ್ಯಾರ್ಥಿಗಳಿಗೂ 776. ಆ ದುಡ್ಡಿನಲ್ಲಿ ಮನಸ್ಸಿನ ಚಿಕಿತ್ಸೆಯೂ ಸೇರಿದೆ. ಡಿಪ್ರೆಶನ್‌ಗೆ ಔಷಧಿ ತಗೊಂಡಿರಿ ಅಂತ ಯಾರೂ ವೀಸಾ ರದ್ದು ಮಾಡುವುದಿಲ್ಲ. ಡಾಕ್ಟರ ಹತ್ತಿರ ಸಹಾಯ ಕೇಳಿದ್ದಕ್ಕೆ ಮಗುವನ್ನು ಕಿತ್ತುಕೊಂಡು ಹೋಗುವುದೂ ಇಲ್ಲ. ಈ ಎರಡು ಭಯಕ್ಕೇ ಎಷ್ಟೋ ಮನೆಗಳಲ್ಲಿ ಬಾಯಿ ಬಿಡುವುದಿಲ್ಲ.

ಇನ್ನು ಡಾಕ್ಟರಿಗೆ ಏನು ಹೇಳಬೇಕು? ಇಲ್ಲಿ ಸ್ವಲ್ಪ ನಿಧಾನಿಸಿ ಓದಿ. ಮಗಳು ನನ್ನ ಹತ್ತಿರ ಹೇಳುತ್ತಿದ್ದದ್ದು ಒಂದೇ ಮಾತು, "ಬೇಜಾರು." ನಾನು ಅದನ್ನೇ ಇಂಗ್ಲಿಷಿನಲ್ಲಿ "ಶೀ ಈಸ್ ಬೋರ್ಡ್" ಅಂದೆ. ಡಾಕ್ಟರು ತಲೆಯಾಡಿಸಿದರು, ಏನಾದರೂ ಕ್ಲಬ್ಬಿಗೆ ಸೇರಿಸಿ ಅಂದರು. ನಮ್ಮ ಬೇಜಾರಿನಲ್ಲಿ ದುಃಖ ಇದೆ, ಸುಸ್ತು ಇದೆ, ಮನಸ್ಸಿಗೆ ಪೆಟ್ಟು ಬಿದ್ದದ್ದೂ ಇದೆ. ಇಂಗ್ಲಿಷಿನ ಆ ಒಂದು ಮಾತಿನಲ್ಲಿ ಇವೆಲ್ಲ ಬರುವುದಿಲ್ಲ. ಅದಕ್ಕೇ ಲೆಕ್ಕದಲ್ಲಿ ಹೇಳಿ. ಎಷ್ಟು ವಾರದಿಂದ ಹೀಗಿದೆ, ರಾತ್ರಿ ಎಷ್ಟು ಗಂಟೆ ನಿದ್ದೆ, ಎಷ್ಟು ದಿನ ಊಟ ಬಿಟ್ಟಿದ್ದಾಳೆ, ಎಷ್ಟು ದಿನ ಸ್ಕೂಲಿಗೆ ಹೋಗಿಲ್ಲ. ಎರಡನೇ ಸಲ ಹೋದಾಗ ನಾನು ಒಂದು ಚೀಟಿಯಲ್ಲಿ ಇಷ್ಟನ್ನೂ ಬರೆದುಕೊಂಡು ಹೋದೆ. ಅವತ್ತು ಡಾಕ್ಟರು ಕುರ್ಚಿ ನನ್ನ ಕಡೆ ತಿರುಗಿಸಿಕೊಂಡು ಕೇಳಿದರು.

ಇಂಗ್ಲಿಷ್ ಕಷ್ಟ ಅನಿಸಿದರೆ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಹೇಳಿ. ಅದಕ್ಕೂ ದುಡ್ಡಿಲ್ಲ. ಫೋನಿನಲ್ಲಿ "ಕನ್ನಡ" ಅಂದರೆ ಕೆನಡಾ ಅಂತ ಕೇಳಿಸಬಹುದು. ಕೆ, ಎ, ಡಬಲ್ ಎನ್, ಎ, ಡಿ, ಎ ಅಂತ ಬಿಡಿಸಿ ಹೇಳಿ. ದಯವಿಟ್ಟು ನಿಮ್ಮ ಮಕ್ಕಳನ್ನೇ ಅನುವಾದಕ್ಕೆ ಕೂರಿಸಬೇಡಿ. ಅಮ್ಮನ ಸಂಕಟವನ್ನು ಹತ್ತು ವರ್ಷದ ಮಗು ಡಾಕ್ಟರಿಗೆ ಬಿಡಿಸಿ ಹೇಳುವುದು ಆ ಮಗುವಿಗೆ ತುಂಬ ಭಾರ.

ಡಾಕ್ಟರು "ನೀವು ಸ್ವಲ್ಪ ಹೊರಗೆ ಕೂತಿರಿ, ನಾನು ಇವಳ ಹತ್ತಿರ ಮಾತಾಡುತ್ತೇನೆ" ಅನ್ನಬಹುದು. ನನಗೆ ಅದು ಅವಮಾನ ಅನಿಸಿತ್ತು. ಈಗ ಅನಿಸುವುದಿಲ್ಲ. ಇಲ್ಲಿ ಹದಿನಾರಕ್ಕಿಂತ ಚಿಕ್ಕವರಾದರೂ, ವಿಷಯ ಅರ್ಥ ಮಾಡಿಕೊಳ್ಳುವ ಮಗುವಿನ ಮಾತನ್ನು ಡಾಕ್ಟರು ಗುಟ್ಟಾಗಿ ಇಡುತ್ತಾರೆ. ಮಗುವಿಗೋ ಬೇರೆಯವರಿಗೋ ದೊಡ್ಡ ಅಪಾಯ ಇದ್ದರೆ ಮಾತ್ರ ಹೊರಗಿನವರಿಗೆ ತಿಳಿಸುತ್ತಾರೆ. ಮನೆಗೆ ಬಂದ ಮೇಲೆ "ಏನು ಹೇಳಿದೆ?" ಅಂತ ಕೆದಕಬೇಡಿ.

ಜಿಪಿ ಮುಂದಕ್ಕೆ ಕಳಿಸುವುದು ಕ್ಯಾಮ್ಸ್‌ಗೆ. ಅಂದರೆ ಮಕ್ಕಳಿಗೂ ಹದಿಹರೆಯದವರಿಗೂ ಇರುವ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಮಾನಸಿಕ ಆರೋಗ್ಯ ತಂಡ. ಕಾಯುವ ಪಟ್ಟಿ ಉದ್ದ, ಎಷ್ಟೋ ಸಲ ತಿಂಗಳುಗಟ್ಟಲೆ. ಅದಕ್ಕೇ ಬೇಗ ಹೆಸರು ಸೇರಿಸಿ ಅಂತ ಇಷ್ಟು ಹೇಳುತ್ತಿರುವುದು. ಕಾಯುವಾಗ ಸುಮ್ನೆ ಕೂರಬೇಡಿ, ಸ್ಕೂಲಿಗೆ ಹೋಗಿ. ಫಾರ್ಮ್ ಟ್ಯೂಟರ್ (ಕ್ಲಾಸ್ ಟೀಚರ್) ಅಥವಾ ಹೆಡ್ ಆಫ್ ಇಯರ್‌ಗೆ (ಆ ವರ್ಷದ ಮಕ್ಕಳನ್ನೆಲ್ಲ ನೋಡಿಕೊಳ್ಳುವ ಟೀಚರ್) ಒಂದು ಇಮೇಲ್ ಹಾಕಿದರೆ ಸಾಕು. ಕೆಲವು ಸ್ಕೂಲುಗಳಲ್ಲಿ ಇದಕ್ಕೇ ಅಂತ ಎನ್‌ಎಚ್‌ಎಸ್ ತಂಡವೇ ಬರುತ್ತದೆ. ನನ್ನ ಮಗಳು ಊಟದ ಹೊತ್ತು ಪೂರ್ತಿ ಟಾಯ್ಲೆಟ್ಟಿನಲ್ಲಿ ಕೂತಿರುತ್ತಿದ್ದಳು ಅನ್ನುವುದು ನನಗೆ ತಿಳಿದದ್ದು ಟೀಚರ್ ಹೇಳಿದ ಮೇಲೆ. ಅವರು ಊಟಕ್ಕೆ ಲೈಬ್ರರಿಯಲ್ಲಿ ಜಾಗ ಮಾಡಿಕೊಟ್ಟರು, ಜೊತೆಗೆ ಇನ್ನೊಬ್ಬ ಹುಡುಗಿಯನ್ನು ಕೂರಿಸಿದರು. ಡಬ್ಬಿ ಖಾಲಿಯಾಗಿ ಬರತೊಡಗಿದ್ದು ಆಮೇಲೆ.

ಮಾಸ್ಟರ್ಸ್ ಮಾಡಲು ಒಂಟಿಯಾಗಿ ಬಂದ ಹುಡುಗ ಹುಡುಗಿಯರೇ, ನಿಮ್ಮ ಯೂನಿವರ್ಸಿಟಿಯಲ್ಲಿ ವೆಲ್‌ಬೀಯಿಂಗ್ ಸರ್ವಿಸ್ ಇರುತ್ತದೆ, ಉಚಿತ. ಹಾಸಿಗೆಯಿಂದ ಏಳಲಾಗದೆ ಕ್ಲಾಸು ತಪ್ಪುತ್ತಿದ್ದರೆ ಮೊದಲೇ ಅಲ್ಲಿ ಹೇಳಿ. ಹೇಳದೆ ಕ್ಲಾಸಿನಿಂದ ಪೂರ್ತಿ ಮಾಯವಾದರೆ ಯೂನಿವರ್ಸಿಟಿ, ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ ತಿಳಿಸಬೇಕಾಗುತ್ತದೆ. ಮನೆಯಲ್ಲಿ ಲೋನ್ ಮಾಡಿ ಕಳಿಸಿದ್ದಾರೆ, ಹೇಗೆ ಹೇಳಲಿ ಅನ್ನುವ ಸಂಕಟ ನನಗೆ ಗೊತ್ತು. ಮನೆಗೆ ಆಮೇಲೆ ಹೇಳಿದರೂ ಪರವಾಗಿಲ್ಲ. ಮೊದಲು ಅಲ್ಲಿಗೆ ಹೋಗಿ.

ಈ ಸಹಾಯವಾಣಿ ನಂಬರುಗಳನ್ನು ಫ್ರಿಜ್ ಮೇಲೆ ಅಂಟಿಸಿ. 19 ತುಂಬದ ಮಕ್ಕಳಿಗೆ ಚೈಲ್ಡ್‌ಲೈನ್, 0800 1111. ಫೋನ್ ಬಿಲ್ಲಿನಲ್ಲೂ ಕಾಣಿಸುವುದಿಲ್ಲ. ಮಾತಾಡಲು ಆಗದವರು ಶೌಟ್‌ಗೆ ಮೆಸೇಜ್ ಕಳಿಸಬಹುದು, 85258. ದೊಡ್ಡವರಿಗೆ ಸಮಾರಿಟನ್ಸ್, 116 123. ತುರ್ತಾಗಿ ಸಹಾಯ ಬೇಕಾದರೆ 111ಕ್ಕೆ ಫೋನ್ ಮಾಡಿ 2 ಒತ್ತಿ, ಹಗಲು ರಾತ್ರಿ ಯಾವಾಗಲಾದರೂ. ಜೀವಕ್ಕೇ ಅಪಾಯ ಅಂದರೆ 999. "ಸಾಯಬೇಕು ಅನಿಸುತ್ತಿದೆಯಾ?" ಅಂತ ಮಗುವನ್ನು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಬಂದುಬಿಡುತ್ತದೆ ಅನ್ನುವುದು ತಪ್ಪು. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಮಾತ್ರೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ.

ಗಂಡನ ವೀಸಾ ಮೇಲೆ ಬಂದು ಇಡೀ ದಿನ ನಾಲ್ಕು ಗೋಡೆ ನೋಡುತ್ತಿರುವ ಅಮ್ಮಂದಿರೇ, ನಿಮಗೂ ಸಹಾಯ ಇದೆ. ಎಳೆ ಮಗು ಇದ್ದರೆ ಮನೆಗೆ ಬರುವ ಹೆಲ್ತ್ ವಿಸಿಟರ್ (ಎಳೆ ಮಕ್ಕಳನ್ನು ನೋಡಿಕೊಳ್ಳುವ ನರ್ಸ್) "ನೀವು ಹೇಗಿದ್ದೀರಿ?" ಅಂತ ಕೇಳುತ್ತಾರೆ. ಅಭ್ಯಾಸಬಲದಿಂದ "ಚೆನ್ನಾಗಿದ್ದೀನಿ" ಅಂದುಬಿಡಬೇಡಿ. ಮಗು ಚಿಕ್ಕದಿಲ್ಲದಿದ್ದರೂ, ಹದಿನೆಂಟು ದಾಟಿದವರು ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ (ಮಾತುಕತೆಯಿಂದ ಮನಸ್ಸಿಗೆ ಕೊಡುವ ಚಿಕಿತ್ಸೆ) ನೇರವಾಗಿ ಅರ್ಜಿ ಹಾಕಬಹುದು, ಡಾಕ್ಟರ ಚೀಟಿ ಬೇಡ. ಮಗಳದು ಒಂದು ದಾರಿಗೆ ಬಂದ ಮೇಲೆ, ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ, ಅಡುಗೆಮನೆಯ ಮೇಜಿನ ಮೇಲೆ ಫೋನ್ ಇಟ್ಟುಕೊಂಡು ನಾನೂ ಆ ಅರ್ಜಿ ತುಂಬಿದೆ. ಇಪ್ಪತ್ತು ನಿಮಿಷ ಹಿಡಿಯಿತು.