ಐದನೇ ಸಲಕ್ಕೆ ಕೈಕೊಡುವ ಕ್ವೆರಿ

ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವ ನಮ್ಮ ಜಾವಾ ಸರ್ವಿಸ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಕ್ವೆರಿಯೇ ಇದ್ದಕ್ಕಿದ್ದಂತೆ ಎರರ್ ಕೊಡುತ್ತಿತ್ತು. ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಶಾಂತ, ಮತ್ತೆ ಶುರು. ಡೆವಲಪರ್‌ಗಳ ಲ್ಯಾಪ್‌ಟಾಪಿನಲ್ಲಂತೂ ಅದು ಕಾಣಿಸಿಕೊಳ್ಳಲೇ ಇಲ್ಲ. ರೀಟ್ರೈ (ಸೋತರೆ ತಾನೇ ಮತ್ತೆ ಓಡಿಸುವುದು) ಹಾಕಿಬಿಡೋಣ ಎಂದರು ಕೆಲವರು. ನಾನು ಒಪ್ಪಲಿಲ್ಲ. ಕಾರಣ ಗೊತ್ತಿಲ್ಲದೆ ರೀಟ್ರೈ ಹಾಕಿದರೆ ಲಾಗ್ ಸ್ವಚ್ಛವಾಗುತ್ತದೆ, ರೋಗ ಹಾಗೇ ಉಳಿಯುತ್ತದೆ.

ನಮ್ಮ ಜಾವಾ ಫ್ರೇಮ್‌ವರ್ಕ್ ಸ್ಪ್ರಿಂಗ್, ಡೇಟಾಬೇಸಿನ ಎರರಿಗೆ ತನ್ನದೇ ಎಕ್ಸೆಪ್ಷನ್ ಸುತ್ತಿ ಕೊಡುವುದರಿಂದ, ಒಳಗಿನ ಎಸ್‌ಕ್ಯುಎಲ್‌ಎಕ್ಸೆಪ್ಷನ್ ತನಕ ಇಳಿದು ಎಸ್‌ಕ್ಯುಎಲ್‌ಸ್ಟೇಟ್ ಎಂಬ ಡೇಟಾಬೇಸ್ ಎರರ್ ಕೋಡನ್ನು ಲಾಗ್ ಮಾಡಿಸಿದೆ. ಮೂರು ಕೋಡ್ ಸಿಕ್ಕವು. 26000 ಅಂದರೆ ‘ಎಸ್_1’ ಎಂಬ ಪ್ರಿಪೇರ್ಡ್ ಸ್ಟೇಟ್‌ಮೆಂಟೇ (ಮೊದಲೇ ಪಾರ್ಸ್ ಮಾಡಿ, ಹೆಸರಿಟ್ಟು ಸರ್ವರಿನಲ್ಲಿ ಇಟ್ಟ ಕ್ವೆರಿ) ಇಲ್ಲ. 42ಪಿ05 ಅಂದರೆ ಅದೇ ಹೆಸರಿನದು ಆಗಲೇ ಇದೆ. ಒಂದೇ ವಸ್ತು ಇಲ್ಲವೂ ಹೌದು, ಇದೆಯೂ ಹೌದು! ಇನ್ನು 08ಪಿ01: ಕಳಿಸಿದ ಪ್ಯಾರಾಮೀಟರ್ (ಕ್ವೆರಿಗೆ ತುಂಬುವ ಮೌಲ್ಯ) ಎರಡು, ‘ಎಸ್_1’ ಕೇಳುವುದು ಒಂದು. ಇದನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು. ಒಬ್ಬರ ಮೌಲ್ಯಗಳು ಇನ್ನೊಬ್ಬರ ಕ್ವೆರಿಗೆ ಹೋಗುತ್ತಿವೆ ಎಂದಾಯಿತಲ್ಲ. ಸಂಖ್ಯೆಯೂ ಟೈಪೂ ಹೊಂದಿಬಿಟ್ಟರೆ ಎರರ್ ಬರದೆಯೇ ತಪ್ಪು ಕ್ವೆರಿ ಓಡಬಹುದು.

ಪೋಸ್ಟ್‌ಗ್ರೆಸ್ ಲಾಗಿನಲ್ಲಿ ಪ್ರೊಸೆಸ್ ನಂಬರ್ ಬರುವಂತೆ ಲಾಗ್‌ಲೈನ್‌ ಪ್ರಿಫಿಕ್ಸ್‌ಗೆ ‘%ಪಿ’ ಸೇರಿಸಿದ ಮೇಲೆ ಎಳೆ ಸಿಕ್ಕಿತು. ಒಂದು ಕನೆಕ್ಷನ್‌ನಲ್ಲಿ ಮೊದಲ ನಾಲ್ಕು ಸಲ ಕ್ವೆರಿ ಹೆಸರಿಲ್ಲದೆ ಓಡುತ್ತದೆ. ಜಾವಾವನ್ನು ಡೇಟಾಬೇಸಿಗೆ ಜೋಡಿಸುವ ಜೆಡಿಬಿಸಿ ಡ್ರೈವರಿನ ‘ಪ್ರಿಪೇರ್‌ಥ್ರೆಶೋಲ್ಡ್’ ಡೀಫಾಲ್ಟ್ 5 ಆಗಿರುವುದರಿಂದ, ಐದನೇ ಸಲಕ್ಕೆ ಡ್ರೈವರ್ ಅದಕ್ಕೆ ‘ಎಸ್_1’, ‘ಎಸ್_2’ ಎಂದು ಹೆಸರಿಟ್ಟು ಸರ್ವರಿನಲ್ಲೇ ಇಡುತ್ತದೆ. ಆ ಹೆಸರು ಬದುಕುವುದು, ಒಂದು ಕನೆಕ್ಷನ್‌ಗೆಂದು ಪೋಸ್ಟ್‌ಗ್ರೆಸ್ ಓಡಿಸುವ ಒಂದು ಬ್ಯಾಕೆಂಡ್ ಪ್ರೊಸೆಸ್‌ನೊಳಗೆ ಮಾತ್ರ. ನಮ್ಮ ಪ್ರೊಡಕ್ಷನ್‌ನಲ್ಲಿ ನಡುವೆ, ಕೆಲವೇ ಬ್ಯಾಕೆಂಡ್‌ಗಳನ್ನು ಹಲವು ಕನೆಕ್ಷನ್‌ಗಳಿಗೆ ಹಂಚುವ ಪಿಜಿಬೌನ್ಸರ್ ಇತ್ತು, ಅದೂ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ. ಪ್ರತಿ ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಅದು ಬ್ಯಾಕೆಂಡನ್ನು ಬೇರೆಯವರಿಗೆ ಕೊಡುತ್ತದೆ. ದೇವಸ್ಥಾನದ ಒಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅದೇ ಟೋಕನ್ ಹಿಡಿದು ಇನ್ನೊಂದು ಬಾಗಿಲಿನ ಸ್ಟ್ಯಾಂಡಿಗೆ ಹೋದ ಹಾಗೆ. ರೀಸ್ಟಾರ್ಟ್ ಆದಾಗ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುವುದೇ ಆ ಸ್ವಲ್ಪ ಹೊತ್ತಿನ ಶಾಂತಿಗೆ ಕಾರಣ.

ಖಾತ್ರಿಗೆಂದು ಪರೀಕ್ಷೆಗಿರುವ ಸ್ಟೇಜಿಂಗ್‌ನಲ್ಲಿ ಒಂದೇ ಲೋಡ್ ಟೆಸ್ಟನ್ನು 6432 ಪೋರ್ಟಿನ ಪಿಜಿಬೌನ್ಸರ್ ಮೂಲಕವೂ, ನೇರ ಪೋಸ್ಟ್‌ಗ್ರೆಸ್‌ನ 5432ಕ್ಕೂ ಓಡಿಸಿದೆ. ನೇರ ಹೋದಾಗ ಒಂದೂ ಎರರ್ ಇಲ್ಲ.

ತಕ್ಷಣಕ್ಕೆ ಜೆಡಿಬಿಸಿ ಯುಆರ್‌ಎಲ್‌ನಲ್ಲಿ ಪ್ರಿಪೇರ್‌ಥ್ರೆಶೋಲ್ಡ್ ಅನ್ನು 0 ಮಾಡಿದೆವು. ಪ್ರತಿ ಸಲ ಕ್ವೆರಿ ಪಾರ್ಸ್ ಆಗಬೇಕು ನಿಜ, ಆದರೆ ನಮ್ಮ ಚಿಕ್ಕ ಕ್ವೆರಿಗಳಿಗೆ ಅದು ಹೊರೆಯಾಗಲಿಲ್ಲ. ಪಿಜಿಬೌನ್ಸರ್‌ನ ಸೆಷನ್ ಮೋಡ್‌ಗೆ ಹೋಗಬಹುದಿತ್ತು. ಆದರೆ ಆಗ, ನಮ್ಮ ಸರ್ವಿಸ್ ಕನೆಕ್ಷನ್‌ಗಳನ್ನು ತೆರೆದಿಟ್ಟುಕೊಳ್ಳುವ ಹಿಕಾರಿ ಪೂಲಿನ ಒಂದೊಂದು ಕನೆಕ್ಷನ್ನೂ ಒಂದೊಂದು ಬ್ಯಾಕೆಂಡನ್ನು ಹಿಡಿದು ಕೂರುತ್ತದೆ, ಪಿಜಿಬೌನ್ಸರ್ ಇಟ್ಟುಕೊಂಡ ಉದ್ದೇಶವೇ ಹೋಗುತ್ತದೆ.

2023ರಲ್ಲಿ ಬಂದ ಪಿಜಿಬೌನ್ಸರ್ 1.21ರಿಂದ ಟ್ರಾನ್ಸಾಕ್ಷನ್ ಮೋಡ್‌ನಲ್ಲೂ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ನಡೆಯುತ್ತದೆ. ‘ಮ್ಯಾಕ್ಸ್_ಪ್ರಿಪೇರ್ಡ್_ಸ್ಟೇಟ್‌ಮೆಂಟ್ಸ್’ ಎಂಬ ಅದರ ಸೆಟ್ಟಿಂಗ್ ಸೊನ್ನೆಗಿಂತ ಹೆಚ್ಚಿರಬೇಕು. ನಾವು ಅದಕ್ಕೆ ಅಪ್‌ಗ್ರೇಡ್ ಆದ ಮೇಲೆ ಥ್ರೆಶೋಲ್ಡನ್ನು ಮತ್ತೆ 5ಕ್ಕೆ ತಂದೆವು. ಈ ಬೆಂಬಲ ಡ್ರೈವರ್ ಪ್ರೋಟೋಕಾಲ್ ಮಟ್ಟದಲ್ಲಿ ಮಾಡುವುದಕ್ಕೆ ಮಾತ್ರ. ಕೋಡಿನಲ್ಲಿ ಯಾರಾದರೂ ‘ಪ್ರಿಪೇರ್’ ಎಂದು ಎಸ್‌ಕ್ಯುಎಲ್ ಆಜ್ಞೆಯನ್ನೇ ಬರೆದಿದ್ದರೆ ಅದು ಈಗಲೂ ಮುರಿಯುತ್ತದೆ. ಅಪ್‌ಗ್ರೇಡ್‌ಗೆ ಮೊದಲು ಅದನ್ನು ಹುಡುಕಿ ತೆಗೆಯಿರಿ.