ಫಾರ್ಮ್ಯಾಟ್ ಆದ ಡಿಸ್ಕ್: ಮೊದಲು ನಕಲು, ಆಮೇಲೆ ಹುಡುಕಾಟ

ಮುಂಬಯಿಯ ನಮ್ಮ ಸಂಘಗಳ ಕಚೇರಿಯಲ್ಲಾಗಲಿ, ಹೋಟೆಲಿನ ಗಲ್ಲಾ ಪಕ್ಕದಲ್ಲಾಗಲಿ ಇರುವ ಕಂಪ್ಯೂಟರನ್ನು ಹತ್ತು ಮಂದಿ ಬಳಸುತ್ತಾರೆ. ಅದು ನಿಧಾನವಾಯಿತೆಂದು ಯಾರೋ ಒಬ್ಬರು ‘ಹೊಸದಾಗಿ ವಿಂಡೋಸ್ ಹಾಕಿಸಿಬಿಡಿ’ ಎನ್ನುತ್ತಾರೆ. ಪರಿಚಯದ ಹುಡುಗ ಬಂದು ಫಾರ್ಮ್ಯಾಟ್ ಮಾಡಿ ಹೋಗುತ್ತಾನೆ. ಸ್ಮರಣ ಸಂಚಿಕೆಯ ಲೇಖನಗಳೂ ವರ್ಷಗಳ ಟ್ಯಾಲಿ ಲೆಕ್ಕವೂ ಹೋದವೆಂದು ತಿಳಿಯುವುದು ಮರುದಿನ. ಆಮೇಲಿನದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ: ಅದೇ ಕಂಪ್ಯೂಟರಿನಲ್ಲಿ ರಿಕವರಿ ಸಾಫ್ಟ್‌ವೇರ್ ಇಳಿಸಿಕೊಂಡು, ಅದೇ ಡಿಸ್ಕಿಗೆ ಹಾಕಿಕೊಂಡು, ಸಿಕ್ಕಿದ ಫೈಲುಗಳನ್ನೂ ಅದೇ ಡಿಸ್ಕಿನಲ್ಲಿ ಉಳಿಸುತ್ತಾರೆ. ಫಾರ್ಮ್ಯಾಟಿನಲ್ಲಿ ಉಳಿದುಕೊಂಡಿದ್ದೂ ಈ ಗಡಿಬಿಡಿಯಲ್ಲಿ ಹೋಗುತ್ತದೆ.

ಸಾಮಾನ್ಯ ಹಾರ್ಡ್ ಡಿಸ್ಕಿಗೆ ಕ್ವಿಕ್ ಫಾರ್ಮ್ಯಾಟ್ ಕೊಟ್ಟಾಗ ಆಗುವುದು ಇಷ್ಟೇ: ಸೊಸೈಟಿಯ ಬಾಗಿಲಲ್ಲಿರುವ ನಾಮಫಲಕವನ್ನು ಒರೆಸಿದಂತೆ, ಯಾವ ಫೈಲು ಎಲ್ಲಿದೆ ಎಂಬ ಪಟ್ಟಿ ಹೋಗುತ್ತದೆ. ಫೈಲುಗಳು ತಮ್ಮ ಜಾಗದಲ್ಲೇ ಇರುತ್ತವೆ. ಹೊಸದೇನಾದರೂ ಆ ಜಾಗದ ಮೇಲೆ ಬರೆಯಲ್ಪಟ್ಟಾಗ ಮಾತ್ರ ಹಳೆಯದು ನಾಶವಾಗುತ್ತದೆ. ಹೊಸ ವಿಂಡೋಸ್ ತಾನೇ ಇಪ್ಪತ್ತು ಜಿಬಿಗೂ ಹೆಚ್ಚು ಜಾಗದ ಮೇಲೆ ಬರೆದಿರುತ್ತದೆ, ಅದರಡಿ ಸಿಕ್ಕಿದ್ದು ಮರಳಿ ಬಾರದು. ಆದರೆ 1 ಟಿಬಿ ಡಿಸ್ಕಿನಲ್ಲಿ ಅದು ಚಿಕ್ಕ ಪಾಲು. ಪೂರ್ಣ ಫಾರ್ಮ್ಯಾಟ್ ಮಾತ್ರ ಬೇರೆ ಮಾತು. ವಿಸ್ಟಾ ಆವೃತ್ತಿಯ ಕಾಲದಿಂದೀಚೆಗೆ ವಿಂಡೋಸ್ ಅದರಲ್ಲಿ ಡಿಸ್ಕಿನ ತುಂಬ ಸೊನ್ನೆ ಬರೆಯುತ್ತದೆ. ಗಂಟೆಗಟ್ಟಲೆ ನಡೆದು ಮುಗಿದ ಫಾರ್ಮ್ಯಾಟ್ ಆಗಿದ್ದರೆ ಹುಡುಕಾಟಕ್ಕೆ ಹಣ ಸುರಿಯಬೇಡಿ.

ಮೊದಲು ನಿಲ್ಲಿಸಿ

ಕಂಪ್ಯೂಟರ್ ಇನ್ನೂ ಚಾಲೂ ಇದ್ದರೆ ಸಿ ಡ್ರೈವ್ ತೆರೆದು ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್ ಇದೆಯೇ ಎಂದು ಮಾತ್ರ ನೋಡಿ. ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೆಯೇ ವಿಂಡೋಸ್ ಹಾಕಿದ್ದರೆ ಹಳೆಯ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಲ್ಲವೂ ಅದರೊಳಗಿನ ‘ಯೂಸರ್ಸ್’ ಫೋಲ್ಡರಿನಲ್ಲಿ ಹಾಗೆಯೇ ಇರುತ್ತವೆ. ಸಾಮಾನ್ಯವಾಗಿ 10 ದಿನಗಳ ನಂತರ ವಿಂಡೋಸ್ ತಾನಾಗಿಯೇ ಅದನ್ನು ಅಳಿಸುತ್ತದೆ, ಆದ್ದರಿಂದ ಇವತ್ತೇ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಇದ್ದರೆ ನಿಮ್ಮ ಕೆಲಸ ಇಲ್ಲಿಗೇ ಮುಗಿಯಿತು.

ಇಲ್ಲದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿ. ಮೆನುವಿನ ಶಟ್‌ಡೌನ್ ಬೇಡ, ಹೋಗುವ ಮೊದಲು ಅಪ್‌ಡೇಟ್ ಹಾಕುವ ಅಭ್ಯಾಸ ವಿಂಡೋಸಿಗಿದೆ. ಸುಮ್ಮನೆ ಚಾಲೂ ಇದ್ದರೂ ಅದು ಹಿನ್ನೆಲೆಯಲ್ಲಿ ಏನಾದರೂ ಬರೆಯುತ್ತಲೇ ಇರುತ್ತದೆ.

ಆರಿಸಿದ ಮೇಲೆ ಮೊಬೈಲಿನಲ್ಲೇ ಒಂದು ಸುತ್ತು ಹುಡುಕಿ. ಒನ್‌ಡ್ರೈವ್‌ನಲ್ಲಿ ಡೆಸ್ಕ್‌ಟಾಪ್ ತಾನಾಗಿಯೇ ಸೇರಿಕೊಂಡಿರಬಹುದು. ಅಲ್ಲಿ ಅಳಿಸಿದ್ದೂ ವೈಯಕ್ತಿಕ ಖಾತೆಯಲ್ಲಿ 30 ದಿನ ರಿಸೈಕಲ್ ಬಿನ್‌ನಲ್ಲಿರುತ್ತದೆ. ಸ್ಮರಣ ಸಂಚಿಕೆಯ ಕೊನೆಯ ಕರಡು ಮುದ್ರಣಾಲಯದವರ ಬಳಿ ಇರುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ, ಲೇಖಕರ ಇಮೇಲಿನ ‘ಸೆಂಟ್’ ಪೆಟ್ಟಿಗೆಯಲ್ಲಿ, ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೇಳಿ. ಬೇರೆಯವರನ್ನು ಕೇಳಲು ಸಂಕೋಚಪಟ್ಟು ದಿನಗಟ್ಟಲೆ ಸಾಫ್ಟ್‌ವೇರ್ ಜೊತೆ ಗುದ್ದಾಡುವುದು ಬೇಡ.

ನಿಮ್ಮದು ಎಸ್‌ಎಸ್‌ಡಿಯೇ?

ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲಿ ಉಳಿಸುವ ಡಿಸ್ಕೇ ಎಸ್‌ಎಸ್‌ಡಿ. ಈ ಪ್ರಶ್ನೆಗೆ ಉತ್ತರ ತಿಳಿಯದೆ ಮುಂದೆ ಹೋಗಬೇಡಿ. ವಿಂಡೋಸ್ 7ರಿಂದ ಈಚೆಗೆ, ಫೈಲು ಅಳಿಸಿದಾಗ ಅಥವಾ ಫಾರ್ಮ್ಯಾಟ್ ಮಾಡಿದಾಗ ‘ಟ್ರಿಮ್’ ಎಂಬ ಆದೇಶ ಎಸ್‌ಎಸ್‌ಡಿಗೆ ಹೋಗುತ್ತದೆ: ಈ ಜಾಗ ಇನ್ನು ಬೇಕಿಲ್ಲ ಎಂದು. ಆಮೇಲೆ ಆ ಜಾಗವನ್ನು ಓದಿದರೆ ಬಹುತೇಕ ಎಸ್‌ಎಸ್‌ಡಿಗಳು ಬರೀ ಸೊನ್ನೆ ಕೊಡುತ್ತವೆ. ಲ್ಯಾಪ್‌ಟಾಪಿನ ಒಳಗಿನ ಎಸ್‌ಎಸ್‌ಡಿಯನ್ನು ಫಾರ್ಮ್ಯಾಟ್ ಮಾಡಿದ್ದರೆ ಫೈಲು ಸಿಗುವ ಸಾಧ್ಯತೆ ತೀರಾ ಕಡಿಮೆ ಎಂದು ನಾನು ನೇರವಾಗಿ ಹೇಳುತ್ತೇನೆ. ಸುಳ್ಳು ಭರವಸೆ ಕೊಟ್ಟು ಮುಂಗಡ ಪಡೆಯುವವರು ಈ ಊರಿನಲ್ಲಿ ಸಾಕಷ್ಟಿದ್ದಾರೆ. ಯುಎಸ್‌ಬಿ ಕೇಸಿನೊಳಗಿರುವ ಎಸ್‌ಎಸ್‌ಡಿಗೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು, ಹಲವು ಕೇಸುಗಳು ಟ್ರಿಮ್ ಆದೇಶವನ್ನು ದಾಟಿಸುವುದಿಲ್ಲ. ಪೆನ್‌ಡ್ರೈವ್, ಕ್ಯಾಮೆರಾ ಕಾರ್ಡುಗಳ ವಿಷಯದಲ್ಲೂ ಆಸೆ ಬಿಡಬೇಕಿಲ್ಲ. ಫ್ಯಾಕ್ಟರಿ ರೀಸೆಟ್ ಆದ ಈಗಿನ ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ಗೂಢಲಿಪಿಯ ಕೀಲಿಯೇ ನಾಶವಾಗಿರುತ್ತದೆ. ‘ರೀಸೆಟ್ ಆದ ಫೋನಿನ ಫೋಟೋ ಮರಳಿ’ ಎಂಬ ಜಾಹೀರಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ವಿಂಡೋಸಿನ ವ್ಯವಸ್ಥೆ) ಇತ್ತೇ ಎಂದೂ ನೋಡಿ. ಇತ್ತೀಚಿನ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಅದು ಕೇಳದೆಯೇ ಚಾಲೂ ಆಗಿರಬಹುದು. ಹಾಗಿದ್ದರೆ 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ಆ ಖಾತೆಯ ಪುಟದಲ್ಲಿ ಹುಡುಕಿ.

ನಕಲು ತೆಗೆಯುವುದು

ಎಲ್ಲರೂ ಎಡವುವುದು ಇಲ್ಲಿ. ಹುಡುಕಾಟವನ್ನು ಮೂಲ ಡಿಸ್ಕಿನ ಮೇಲೆ ಮಾಡಬಾರದು. ಡಿಸ್ಕಿನ ಆದಿಯಿಂದ ಅಂತ್ಯದವರೆಗೆ, ಖಾಲಿ ಎಂದು ತೋರುವ ಜಾಗವನ್ನೂ ಸೇರಿಸಿ, ಒಂದು ದೊಡ್ಡ ಇಮೇಜ್ ಫೈಲ್ ಮಾಡಿಕೊಂಡು ಅದರಲ್ಲಿ ಹುಡುಕಬೇಕು. ಆಗ ಏನು ತಪ್ಪಿದರೂ ಮೂಲ ಕೆಡುವುದಿಲ್ಲ.

ಇದಕ್ಕೆ ಎರಡು ವಸ್ತು ಬೇಕು. ಮೊದಲನೆಯದು, ಹೋದ ಡಿಸ್ಕಿಗಿಂತ ದೊಡ್ಡದಾದ ಇನ್ನೊಂದು ಡಿಸ್ಕ್. 1 ಟಿಬಿಗೆ 2 ಟಿಬಿ ತನ್ನಿ, ಸಿಕ್ಕಿದ ಫೈಲುಗಳಿಗೂ ಜಾಗ ಬೇಕಲ್ಲ. ಅದು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಆಗಿರಲಿ. ಫ್ಯಾಟ್32 ಆದರೆ 4 ಜಿಬಿ ಮೀರಿದ ಫೈಲನ್ನು ಅದು ಹಿಡಿಯದು, ಅರ್ಧದಲ್ಲಿ ನಿಲ್ಲುತ್ತದೆ. ಗ್ರ್ಯಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಲ್ ಮತ್ತು ವಾರಂಟಿ ಕೊಡುವ ಅಂಗಡಿಯಿಂದ ಕೊಳ್ಳಿ. ಸಾವಿರ ರೂಪಾಯಿಗೆ ‘16 ಟಿಬಿ ಎಸ್‌ಎಸ್‌ಡಿ’ ಎಂದು ಮಾರುವ ಡಬ್ಬಿಗಳು ಖೋಟಾ. ಒಳಗೆ ಚಿಕ್ಕ ಕಾರ್ಡ್ ಇಟ್ಟು ದೊಡ್ಡ ಸಂಖ್ಯೆ ತೋರಿಸುತ್ತವೆ, ತುಂಬಿದ ಮೇಲೆ ಬರೆದದ್ದೆಲ್ಲ ಮಾಯ. ಎರಡನೆಯದು, ವಿಂಡೋಸಿನ ಬದಲು ಕಂಪ್ಯೂಟರ್ ನಡೆಸಬಲ್ಲ ಉಚಿತ ವ್ಯವಸ್ಥೆಯಾದ ಉಬುಂಟು ಇರುವ ಪೆನ್‌ಡ್ರೈವ್. ಇದನ್ನು ಬೇರೆ ಕಂಪ್ಯೂಟರಿನಲ್ಲಿ ರೂಫಸ್ ಎಂಬ ಉಚಿತ ಸಾಧನದಿಂದ ತಯಾರಿಸಿ. ಆಗ ಹೊರಗಿನ ಹಾರ್ಡ್ ಡಿಸ್ಕುಗಳನ್ನೆಲ್ಲ ಕಿತ್ತಿಡಿ. ಪೆನ್‌ಡ್ರೈವ್ ಎಂದುಕೊಂಡು ಮಕ್ಕಳ ಫೋಟೋಗಳಿದ್ದ ಡಿಸ್ಕನ್ನೇ ಆರಿಸಿ ಅಳಿಸಿದವರು ಬಹಳ ಮಂದಿ.

ಉಬುಂಟುವೇ ಏಕೆ? ವಿಂಡೋಸಿಗೆ ಗೊತ್ತಾಗದ ಡಿಸ್ಕ್ ಜೋಡಿಸಿದರೆ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಕಿಟಕಿ ಎದ್ದು ನಿಲ್ಲುತ್ತದೆ. ಆತಂಕದಲ್ಲಿರುವವರು ಅದಕ್ಕೆ ಹೂಂ ಎಂದುಬಿಡುತ್ತಾರೆ. ವಿಂಡೋಸಿನಲ್ಲೇ ಮಾಡಲೇಬೇಕೆಂದರೆ ಅಂಥ ಎಲ್ಲ ಕಿಟಕಿಗಳಿಗೂ ‘ಕ್ಯಾನ್ಸಲ್’ ಒಂದೇ ಉತ್ತರ, ‘ಇನಿಶಿಯಲೈಸ್’ ಎಂದು ಕೇಳಿದರೂ ಅಷ್ಟೇ.

ಪೆನ್‌ಡ್ರೈವಿನಿಂದ ಕಂಪ್ಯೂಟರ್ ಚಾಲೂ ಮಾಡಿದಾಗ ‘ಟ್ರೈ ಉಬುಂಟು’ ಎಂಬುದನ್ನು ಆರಿಸಿ. ‘ಇನ್‌ಸ್ಟಾಲ್’ ಮುಟ್ಟಿದರೆ ಎರಡನೇ ಅನಾಹುತ. ಆಮೇಲೆ ‘ಡಿಸ್ಕ್ಸ್’ ಎಂಬ ಅಪ್ಲಿಕೇಶನ್ ತೆರೆಯಿರಿ. ಎಡಗಡೆ ಎಲ್ಲ ಡಿಸ್ಕುಗಳ ಪಟ್ಟಿ ಬರುತ್ತದೆ. ಗಾತ್ರ ನೋಡಿ ಊಹಿಸಬೇಡಿ, ಒಂದೇ ಗಾತ್ರದ ಬೇರೆ ಡಿಸ್ಕೂ ಅಲ್ಲಿರಬಹುದು. ಡಿಸ್ಕಿನ ಮೇಲಂಟಿಸಿದ ಚೀಟಿಯಲ್ಲಿರುವ ಸೀರಿಯಲ್ ನಂಬರನ್ನು ಕಾಗದದಲ್ಲಿ ಬರೆದುಕೊಂಡು ಪರದೆಯ ಮೇಲಿನದಕ್ಕೆ ತಾಳೆ ಹಾಕಿ. ಲ್ಯಾಪ್‌ಟಾಪ್ ಬಿಚ್ಚಲಾಗದಿದ್ದರೆ ಹೊಸ ಡಿಸ್ಕನ್ನು ಒಮ್ಮೆ ಕಿತ್ತು ನೋಡಿ, ಪಟ್ಟಿಯಲ್ಲಿ ಉಳಿದದ್ದು ಯಾವುದೆಂದು ತಿಳಿಯುತ್ತದೆ.

ಈಗ ಹೋದ ಡಿಸ್ಕನ್ನು ಆರಿಸಿ, ಮೇಲ್ಗಡೆಯ ಮೂರು ಚುಕ್ಕಿಯ ಮೆನು ತೆರೆಯಿರಿ. ಉಸಿರು ಬಿಗಿಹಿಡಿಯಬೇಕಾದ ಜಾಗ ಇದು. ‘ಕ್ರಿಯೇಟ್ ಡಿಸ್ಕ್ ಇಮೇಜ್’ ನಿಮಗೆ ಬೇಕಾದದ್ದು. ಅದರ ಪಕ್ಕದಲ್ಲೇ ‘ರಿಸ್ಟೋರ್ ಡಿಸ್ಕ್ ಇಮೇಜ್’ ಇದೆ. ‘ರಿಸ್ಟೋರ್’ ಎಂದರೆ ಫೈಲು ಮರಳಿ ಬರುತ್ತದೆಂದು ಭಾವಿಸಿ ಅದನ್ನು ಒತ್ತುವವರಿದ್ದಾರೆ. ಅದು ಮಾಡುವುದು ತಿರುಗುಮುರುಗು ಕೆಲಸ: ಇಮೇಜಿನಲ್ಲಿರುವುದನ್ನು ನಿಮ್ಮ ಡಿಸ್ಕಿನ ಮೇಲೆ ಬರೆಯುತ್ತದೆ. ಅದೇ ಮೆನುವಿನಲ್ಲಿ ‘ಫಾರ್ಮ್ಯಾಟ್ ಡಿಸ್ಕ್’ ಕೂಡ ಇದೆ. ಪ್ರತಿ ಅಕ್ಷರ ಓದಿ ಒತ್ತಿ. ಕೆಳಗಿನ ಗಿಯರ್ ಚಿತ್ರದಿಂದ ಹೋದರೆ ಒಂದು ಪಾರ್ಟಿಷನ್ (ಸಿ, ಡಿ ಡ್ರೈವಿನಂತೆ ಡಿಸ್ಕಿನ ಒಂದು ವಿಭಾಗ) ಮಾತ್ರ ನಕಲಾಗುತ್ತದೆ, ಅದು ಸಾಲದು. ಇಮೇಜ್ ಉಳಿಸುವ ಜಾಗ ಹೊಸ ಡಿಸ್ಕಿನದೇ ಎಂದು ಇನ್ನೊಮ್ಮೆ ನೋಡಿ ಶುರು ಮಾಡಿ.

ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಯಲ್ಲಿ 1 ಟಿಬಿಗೆ ಸುಮಾರು ಮೂರು ಗಂಟೆ, ಹಳೆಯ ಯುಎಸ್‌ಬಿ 2ರಲ್ಲಿ ಎಂಟು ಗಂಟೆಯಾದರೂ ಬೇಕು. ಚಾರ್ಜರ್ ಹಾಕಿ, ನಿದ್ರಾಸ್ಥಿತಿಗೆ ಹೋಗದಂತೆ ಹೊಂದಿಸಿ, ಬಿಟ್ಟುಬಿಡಿ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕನ್ನು ಬಿಚ್ಚಿ ಅಡಾಪ್ಟರ್ ಮೂಲಕ ಜೋಡಿಸುವುದಾದರೆ 12 ವೋಲ್ಟಿನ ಪ್ರತ್ಯೇಕ ಪವರ್ ಇರುವ ಅಡಾಪ್ಟರೇ ಬೇಕು.

ನಡುವೆ ಓದುವ ದೋಷಗಳು ಬರತೊಡಗಿದರೆ ಜಿಎನ್‌ಯು ಡಿಡಿರೆಸ್ಕ್ಯೂ ಬಲ್ಲವರನ್ನು ಹುಡುಕಿ. ಅದು ಚೆನ್ನಾಗಿರುವ ಭಾಗವನ್ನು ಮೊದಲು ತೆಗೆದುಕೊಂಡು, ಕೆಟ್ಟ ಭಾಗವನ್ನು ಕೊನೆಗೆ ಪ್ರಯತ್ನಿಸುತ್ತದೆ. ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ ಕೂಡಲೇ ಕಿತ್ತುಬಿಡಿ. ಅದು ಪ್ರಯೋಗಾಲಯದ ಕೆಲಸ, ಯಾವ ಸಾಫ್ಟ್‌ವೇರೂ ನೆರವಾಗದು. ಸಿಗುವ ಫೈಲುಗಳ ಪಟ್ಟಿಯನ್ನು ಹಣ ಕೊಡುವ ಮೊದಲೇ ತೋರಿಸುವ, ದರವನ್ನು ಬರೆದುಕೊಡುವ ಕಡೆಗೆ ಮಾತ್ರ ಕೊಡಿ.

ಹುಡುಕಾಟ

ಯಾವ ಸಾಧನ ಎಂಬುದು ಆದ ಅನಾಹುತದ ಮೇಲಿದೆ. ವಿಂಡೋಸ್ ಹಾಕುವಾಗ ಗಡಿಬಿಡಿಯಲ್ಲಿ ಪಾರ್ಟಿಷನ್‌ಗಳನ್ನು ‘ಡಿಲೀಟ್’ ಮಾಡಿ ಡಿ ಡ್ರೈವ್ ಮಾಯವಾಗಿದ್ದರೆ, ಅಥವಾ ವಿಂಡೋಸ್ ಹಾಕುವ ಪೆನ್‌ಡ್ರೈವ್ ತಯಾರಿಸುವ ಮೀಡಿಯಾ ಕ್ರಿಯೇಷನ್ ಟೂಲ್ ಹೊರಗಿನ ಡಿಸ್ಕನ್ನು 32 ಜಿಬಿಯ ವಿಂಡೋಸ್ ಡಿಸ್ಕಾಗಿ ಮಾಡಿಬಿಟ್ಟಿದ್ದರೆ, ಟೆಸ್ಟ್‌ಡಿಸ್ಕ್ ಬಳಸಿ. ಕ್ರಿಸ್ಟೋಫ್ ಗ್ರೆನಿಯೆ ಬರೆದ ಉಚಿತ, ಮುಕ್ತ ತಂತ್ರಾಂಶ ಅದು. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ (ಪಾರ್ಟಿಷನ್ನಿನ ವಿವರವಿರುವ ಮೊದಲ ತುಣುಕಿನ) ಇನ್ನೊಂದು ಪ್ರತಿಯನ್ನು ಪಾರ್ಟಿಷನ್ನಿನ ಕೊನೆಯಲ್ಲಿ ಇಟ್ಟಿರುತ್ತದೆ. ಮುಂದಿನ ಭಾಗ ಅಳಿಸಿಹೋದರೂ ಆ ಪ್ರತಿಯಿಂದ ಹಳೆಯ ಪಾರ್ಟಿಷನ್ ಎಲ್ಲಿತ್ತೆಂದು ಪತ್ತೆಯಾಗುತ್ತದೆ. ಸಿಕ್ಕಿದ ಪಾರ್ಟಿಷನ್ ಮೇಲೆ ‘ಪಿ’ ಒತ್ತಿದರೆ ಫೈಲುಗಳ ಹೆಸರು ಕಾಣಬೇಕು. ಕಂಡರೆ ‘ಸಿ’ ಒತ್ತಿ ಹೊರಗೆ ನಕಲು ಮಾಡಿಕೊಳ್ಳಿ. ‘ರೈಟ್’ ಎಂಬ ಆಯ್ಕೆಯ ತಂಟೆಗೆ ಹೋಗಬೇಡಿ. ಪಾರ್ಟಿಷನ್ ಪಟ್ಟಿಯನ್ನು ಸರಿಪಡಿಸುವ ಚಪಲ ಎಲ್ಲರಿಗೂ ಇರುತ್ತದೆ, ನಿಮಗೆ ಬೇಕಾದದ್ದು ಫೈಲುಗಳು.

ಪಾರ್ಟಿಷನ್ ಇದ್ದು, ಅದನ್ನೇ ಫಾರ್ಮ್ಯಾಟ್ ಮಾಡಿದ್ದರೆ ನಾನು ಡಿಎಂಡಿಇ ಎಂಬ ರಿಕವರಿ ಸಾಧನವನ್ನೇ ಹೇಳುತ್ತೇನೆ. ಎನ್‌ಟಿಎಫ್‌ಎಸ್‌ನಲ್ಲಿ ಪ್ರತಿ ಫೈಲಿಗೂ, ಅದರ ಪಟ್ಟಿಯಾದ ಮಾಸ್ಟರ್ ಫೈಲ್ ಟೇಬಲ್‌ನಲ್ಲಿ ಸಾಮಾನ್ಯವಾಗಿ 1024 ಬೈಟಿನ ಒಂದು ದಾಖಲೆ ಇರುತ್ತದೆ. ಫಾರ್ಮ್ಯಾಟ್ ಹೊಸ ಟೇಬಲ್‌ನ ಮೊದಲ ಕೆಲವು ದಾಖಲೆಗಳನ್ನಷ್ಟೇ ಬರೆಯುವುದರಿಂದ ಉಳಿದವು ಬಹುಮಟ್ಟಿಗೆ ಬದುಕಿರುತ್ತವೆ. ಪೂರ್ಣ ಸ್ಕ್ಯಾನ್ ಅವುಗಳನ್ನು ಹೆಕ್ಕಿ, ಹೆಸರು, ಫೋಲ್ಡರ್ ಸಮೇತ ಮರಳಿ ಜೋಡಿಸುತ್ತದೆ. ಉಚಿತ ಆವೃತ್ತಿಯಲ್ಲಿ ಒಂದು ಬಾರಿಗೆ ಒಂದು ಫೋಲ್ಡರಿನಿಂದ 4,000 ಫೈಲುಗಳವರೆಗೆ ಉಳಿಸಬಹುದು, ಮನೆಬಳಕೆಗೆ ಧಾರಾಳವಾಯಿತು. ಟ್ಯಾಲಿ ಲೆಕ್ಕ ಬೇಕಾದವರಿಗೆ ಈ ದಾರಿಯೇ ಸರಿ. ಟ್ಯಾಲಿಯ ಒಂದು ಕಂಪನಿ ಎಂದರೆ ಸಂಖ್ಯೆಯೇ ಹೆಸರಾಗಿರುವ ಒಂದು ಫೋಲ್ಡರಿನ ಹಲವು ಫೈಲುಗಳು. ಅವು ಒಟ್ಟಾಗಿ, ತಮ್ಮ ಹೆಸರಿನಲ್ಲಿ ಸಿಗದಿದ್ದರೆ ಪ್ರಯೋಜನವಿಲ್ಲ.

‘ಉಚಿತ’ ಎಂದು ಬರೆದುಕೊಂಡು, ಸ್ಕ್ಯಾನ್ ಮುಗಿದ ಮೇಲೆ ಉಳಿಸಲು ಹಣ ಕೇಳುವ ಸಾಫ್ಟ್‌ವೇರುಗಳು ಬೇಡ. ಅವುಗಳ ಕ್ರ್ಯಾಕ್ ಮಾಡಿದ ಪ್ರತಿಗಳಂತೂ ಬೇಡವೇ ಬೇಡ. ಫೈಲು ಹುಡುಕಲು ಹೋಗಿ ವೈರಸ್ ಕರೆತಂದಂತಾಗುತ್ತದೆ.

ಫೋಟೊರೆಕ್ ಕೊನೆಯ ಉಪಾಯ. ಟೆಸ್ಟ್‌ಡಿಸ್ಕ್ ಜೊತೆಗೇ ಬರುತ್ತದೆ. ಕಿಟಕಿ ಇರುವ ರೂಪ ಬೇಕಿದ್ದರೆ ಕ್ಯೂಫೋಟೊರೆಕ್ ತೆರೆದು ಇಮೇಜ್ ಫೈಲನ್ನು ಸೇರಿಸಿ. ಇದು ಪಟ್ಟಿಯನ್ನು ನೋಡುವುದೇ ಇಲ್ಲ, ಪ್ರತಿ ಬಗೆಯ ಫೈಲಿನ ಆರಂಭದ ಗುರುತನ್ನು ಹಿಡಿದು ಇಡೀ ಡಿಸ್ಕನ್ನು ಜಾಲಾಡುತ್ತದೆ. ಹಾಗಾಗಿ ಹೆಸರು, ಫೋಲ್ಡರ್ ಸಿಗುವುದಿಲ್ಲ. ಬೇಕಾದ ಬಗೆಗಳನ್ನು ಮಾತ್ರ ಆರಿಸಿ, ಇಲ್ಲವಾದರೆ ವಿಂಡೋಸಿನದೇ ಚಿಲ್ಲರೆ ಚಿತ್ರಗಳು ಸಾವಿರಗಟ್ಟಲೆ ಬಂದು ಬೀಳುತ್ತವೆ. ಫೋಟೋಗಳನ್ನು ತೆಗೆದ ದಿನಾಂಕ ಅವುಗಳೊಳಗೇ ಇರುತ್ತದೆ, ಅದರ ಮೇಲೆ ವಿಂಗಡಿಸಬಹುದು. ಮಳೆಗಾಲದಲ್ಲಿ ಊರಿನಿಂದ ಬರುವ ಯಕ್ಷಗಾನ ಮೇಳದ ಆಟವನ್ನು ರಾತ್ರಿಯಿಡೀ ಚಿತ್ರೀಕರಿಸಿದಂಥ ದೊಡ್ಡ ವಿಡಿಯೋಗಳು ಮಾತ್ರ ಹೀಗೆ ಪೂರ್ತಿ ಸಿಗುವುದು ಕಷ್ಟ. ದೊಡ್ಡ ಫೈಲು ಡಿಸ್ಕಿನಲ್ಲಿ ತುಂಡುತುಂಡಾಗಿ ಕುಳಿತಿದ್ದರೆ ಫೋಟೊರೆಕ್‌ಗೆ ತುಂಡುಗಳ ಕ್ರಮ ಗೊತ್ತಾಗದು.

ಸಿಕ್ಕಿದ್ದನ್ನು ತೆರೆದು ನೋಡುವಾಗ

ಕನ್ನಡಿಗರಿಗೆ ಎದುರಾಗುವ ಒಂದು ತೊಡಕು ಇಲ್ಲಿದೆ. ಮರಳಿ ಸಿಕ್ಕಿದ ವರ್ಡ್ ಫೈಲನ್ನು ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬುಗಳ ಕಲಸುಮೇಲೋಗರ ಕಾಣುತ್ತದೆ. ಫೈಲು ಕೆಟ್ಟಿದೆ ಎಂದು ಜನ ಅದನ್ನು ಅಳಿಸಿಬಿಡುತ್ತಾರೆ. ಅಳಿಸಬೇಡಿ. ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದು. ಹೊಸ ವಿಂಡೋಸಿನಲ್ಲಿ ಆ ಫಾಂಟ್ ಇಲ್ಲದ್ದರಿಂದ ಹಾಗೆ ಕಾಣುತ್ತಿದೆ. ಫಾಂಟ್ ಹಾಕಿದರೆ ಕನ್ನಡ ಮೂಡುತ್ತದೆ. ಹೆಸರಿಲ್ಲದ ನೂರಾರು ಫೈಲುಗಳಲ್ಲಿ ನಿಮ್ಮ ಲೇಖನವನ್ನು ಹುಡುಕುವಾಗಲೂ ಇದು ನೆನಪಿರಲಿ: ಯೂನಿಕೋಡ್‌ನಲ್ಲಿ ‘ಅಧ್ಯಕ್ಷ’ ಎಂದು ಹುಡುಕಿದರೆ ಅಂಥ ಫೈಲು ಸಿಗದು. ಅದೇ ಫಾಂಟಿನಲ್ಲಿ ಟೈಪ್ ಮಾಡಿದ ಪದವನ್ನು ನಕಲಿಸಿ ಹುಡುಕಾಟದ ಜಾಗಕ್ಕೆ ಅಂಟಿಸಬೇಕು.

ಮುಖ್ಯವಾದ ಫೈಲುಗಳನ್ನು ಒಂದೊಂದಾಗಿ ತೆರೆದು ಕೊನೆಯ ಪುಟದವರೆಗೆ ನೋಡಿ. ಹೆಸರು, ಗಾತ್ರ ಸರಿಯಿದ್ದೂ ಒಳಗೆ ಸೊನ್ನೆ ತುಂಬಿರಬಹುದು. ಟ್ಯಾಲಿಯಾದರೆ ಬ್ಯಾಲೆನ್ಸ್ ಶೀಟನ್ನು ಹಳೆಯ ಮುದ್ರಿತ ಪ್ರತಿಗೆ ಹೋಲಿಸಿ. ಅಲ್ಲಿಯವರೆಗೆ ಮೂಲ ಡಿಸ್ಕನ್ನು ಯಾರ ಕೈಗೂ ಕೊಡದೆ ಕಪಾಟಿನಲ್ಲಿಡಿ, ಇಮೇಜ್ ಫೈಲನ್ನೂ ಅಳಿಸಬೇಡಿ. ಸಂಘದ ಸದಸ್ಯರೊಬ್ಬರಿಗೆ ಬೇಕಾದ ಹಳೆಯ ಫೋಟೋ ನೆನಪಾಗುವುದು ತಿಂಗಳುಗಳ ನಂತರ, ಆಗ ಅದೇ ಇಮೇಜಿನಲ್ಲಿ ಇನ್ನೊಮ್ಮೆ ಹುಡುಕಬಹುದು.