ಮೂರನೆಯವರು ಬಾಯಿ ಹಾಕಿದರೆ ಅದು ಸಭೆ: ಅಮೆರಿಕದ ಲೈಬ್ರರಿ ಟ್ರಸ್ಟಿ ದೇಣಿಗೆ ಎತ್ತುವುದು ಹೇಗೆ

ಚಂದಾ ಎತ್ತುವುದು ನಮ್ಮವರಿಗೆ ಹೊಸ ವಿದ್ಯೆಯಲ್ಲ. ಗಣೇಶನ ಹಬ್ಬಕ್ಕೆ ನಾಲ್ಕು ಹುಡುಗರು ರಸೀದಿ ಪುಸ್ತಕ ಹಿಡಿದು ಬೀದಿಗಿಳಿದರೆ ಸಂಜೆಯೊಳಗೆ ಪೆಂಡಾಲಿನ ಖರ್ಚು ಹುಟ್ಟುತ್ತದೆ. ಅದೇ ಹುರುಪಿನಲ್ಲಿ ಷಿಕಾಗೊ ಆಸುಪಾಸಿನ ಊರೊಂದರ ಲೈಬ್ರರಿ ಬೋರ್ಡಿಗೆ ಆಯ್ಕೆಯಾದ ಕನ್ನಡಿಗರೊಬ್ಬರು ಇನ್ನಿಬ್ಬರು ಟ್ರಸ್ಟಿಗಳನ್ನು, ಅಂದರೆ ಬೋರ್ಡಿನ ಸದಸ್ಯರನ್ನು, ಕಾರಿನಲ್ಲಿ ಕೂರಿಸಿಕೊಂಡು ದಾನಿಯ ಮನೆಗೆ ಹೊರಟರು ಅನ್ನಿ. ದಾರಿಯಲ್ಲಿ ಒಬ್ಬರು, ‘ಮಕ್ಕಳ ವಿಭಾಗಕ್ಕೆ ಎಷ್ಟು ಕೇಳೋಣ?’ ಅಂದರೆ ಸಾಕು, ನೋಟಿಸ್ ಇಲ್ಲದ ಸಭೆಯೊಂದು ಗಂಟೆಗೆ ಅರವತ್ತು ಮೈಲಿ ವೇಗದಲ್ಲಿ ನಡೆಯುತ್ತಿದೆ ಎಂದೇ ಅರ್ಥ.

ಸಾರ್ವಜನಿಕ ಸಂಸ್ಥೆಯ ಮಾತುಕತೆ ಜನರ ಎದುರೇ ನಡೆಯಬೇಕು ಎನ್ನುವ ಕಾಯ್ದೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದೆ, ಆದರೆ ಒಂದೊಂದು ರಾಜ್ಯದ್ದು ಒಂದೊಂದು ಬಗೆ. ಇಲ್ಲಿ ಹೇಳುತ್ತಿರುವುದು ಇಲಿನಾಯ್ ರಾಜ್ಯದ ಓಪನ್ ಮೀಟಿಂಗ್ಸ್ ಆ್ಯಕ್ಟ್ ಬಗ್ಗೆ. ಇದು 1957ರ ಕಾಯ್ದೆ. ಅಲ್ಲಿನ ಲೈಬ್ರರಿಗಳು ಮುಖ್ಯವಾಗಿ ಆಸ್ತಿ ತೆರಿಗೆಯಿಂದ ನಡೆಯುತ್ತವೆ. ನಮ್ಮಲ್ಲಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ದುಡ್ಡು ಜನರದ್ದಾದ ಮೇಲೆ ಮಾತೂ ಜನರ ಕಿವಿಗೆ ಬೀಳಲಿ ಎನ್ನುವುದು ಕಾಯ್ದೆಯ ಹಟ. ದೇಣಿಗೆ ಸಂಗ್ರಹವಾದರೋ ಗುಟ್ಟಿನ, ಸಂಕೋಚದ ಕೆಲಸ. ತೊಡಕು ಇರುವುದೇ ಇಲ್ಲಿ.

ಮೊದಲು ತಲೆ ಎಣಿಸಿ

ಲೈಬ್ರರಿ ಡಿಸ್ಟ್ರಿಕ್ಟ್‌ನ (ಲೈಬ್ರರಿಗೆಂದೇ ಇರುವ ಪ್ರತ್ಯೇಕ ಸ್ಥಳೀಯ ಸಂಸ್ಥೆ) ಬೋರ್ಡಿನಲ್ಲಿ ಸಾಮಾನ್ಯವಾಗಿ ಏಳು ಮಂದಿ. ಏಳಕ್ಕೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ನಾಲ್ಕು. ಕಾಯ್ದೆ ನಾಲ್ಕಕ್ಕೆ ನಿಲ್ಲದೆ ‘ಕೋರಂನ ಬಹುಮತ’ ಎನ್ನುತ್ತದೆ, ಅಂದರೆ ಮೂರು. ನಗರದ ಲೈಬ್ರರಿಗೆ ಒಂಬತ್ತು ಸದಸ್ಯರಿದ್ದರೆ ಕೋರಂ ಐದು, ಅದರ ಬಹುಮತವೂ ಮೂರೇ. ಮೂವರು ಟ್ರಸ್ಟಿಗಳು ಸೇರಿ ಲೈಬ್ರರಿಯ ವ್ಯವಹಾರ ಮಾತಾಡಿದರೆ ಅದು ಸಭೆ. ಇಬ್ಬರು ಕಾಫಿ ಕುಡಿಯುತ್ತಾ ಮಾತಾಡಬಹುದು. ಮೂವರು ಸೇರಿ ಕ್ರಿಕೆಟ್, ಮದುವೆ, ಹಿಮ ಎಂದು ಹರಟಬಹುದು. ಮೂವರು ಲೈಬ್ರರಿಯ ಸುದ್ದಿ ಎತ್ತುವಂತಿಲ್ಲ.

ಈ ಮೂರರ ಲೆಕ್ಕ ಬಾಯಿಪಾಠವಾದ ಮೇಲೂ ಒಂದು ಗುಂಡಿ ಉಳಿದಿದೆ. ಬೋರ್ಡು ತನ್ನೊಳಗಿನ ಮೂವರನ್ನು ಆರಿಸಿ ‘ದೇಣಿಗೆ ಸಮಿತಿ’ ಮಾಡಿತು ಅನ್ನಿ. ಉಪಸಮಿತಿಯೂ ಕಾಯ್ದೆಯ ಪ್ರಕಾರ ಸಾರ್ವಜನಿಕ ಸಂಸ್ಥೆಯೇ. ಮೂವರ ಸಮಿತಿಗೆ ಕೋರಂ ಎರಡು, ಎರಡರ ಬಹುಮತ ಎರಡು. ನಿನ್ನೆಯವರೆಗೆ ಫೋನಿನಲ್ಲಿ ದೇಣಿಗೆ ವಿಚಾರ ಮಾತಾಡುತ್ತಿದ್ದ ಇಬ್ಬರು ಇವತ್ತು ಅದೇ ಮಾತಾಡಿದರೆ ಸಭೆಯಾಯಿತು! ಕೆಲಸ ಸಲೀಸಾಗಲಿ ಎಂದು ಮಾಡಿದ ಸಮಿತಿಯೇ ಕಾಲಿಗೆ ತೊಡರುತ್ತದೆ. ಆದ್ದರಿಂದ ಸಮಿತಿಯ ಬದಲು ಒಬ್ಬರೇ ಟ್ರಸ್ಟಿಗೆ ಹೊಣೆ ವಹಿಸಿ ಎನ್ನುವುದು ನನ್ನ ಸಲಹೆ.

ಯೋಜನೆಯನ್ನು ಸಭೆಯಲ್ಲೇ ಮಾಡಿ

ಎಷ್ಟು ಬೇಕು, ಯಾವುದಕ್ಕೆ ಬೇಕು, ಎಂಥ ದೇಣಿಗೆ ಬೇಡ, ಗೋಡೆಯ ಮೇಲೆ ದಾನಿಯ ಹೆಸರು ಬರೆಸಬೇಕೇ ಎಂಬುದೆಲ್ಲ ತೆರೆದ ಸಭೆಯಲ್ಲೇ ತೀರ್ಮಾನವಾಗಲಿ. ಸಭೆಗೆ ಕನಿಷ್ಠ 48 ಗಂಟೆ ಮುಂಚೆ ಅಜೆಂಡಾವನ್ನು ಕಚೇರಿಯಲ್ಲೂ ಸಭೆ ನಡೆಯುವ ಜಾಗದಲ್ಲೂ ಅಂಟಿಸಿರಬೇಕು. ಅದರಲ್ಲಿ ‘ಇತರೆ ವಿಷಯಗಳು’ ಎಂದು ಬರೆದು ಆ ಬುಟ್ಟಿಯೊಳಗೆ ದೇಣಿಗೆಯನ್ನು ತುರುಕಬೇಡಿ. ಮಂಜೂರು ಮಾಡಬೇಕಾದ ನಿರ್ಣಯದ ವಿಷಯ ಅಜೆಂಡಾದಲ್ಲಿ ಕಾಣಲೇಬೇಕು. ಬಂದವರಿಗೆ ಮಾತಾಡಲು ಅವಕಾಶವನ್ನೂ ಕೊಡಬೇಕು.

‘ದಾನಿಗಳ ಹೆಸರು ಬರುತ್ತೆ, ಬಾಗಿಲು ಮುಚ್ಚಿ ಮಾತಾಡೋಣ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬಾಗಿಲು ಮುಚ್ಚಲು ಒಪ್ಪುವ ಕಾರಣಗಳನ್ನು ಕಾಯ್ದೆಯೇ ಪಟ್ಟಿ ಮಾಡಿದೆ. ಸಿಬ್ಬಂದಿ ವಿಚಾರ, ಕೋರ್ಟ್ ವ್ಯಾಜ್ಯ, ಜಾಗ ಕೊಳ್ಳುವ ಮಾತುಕತೆ ಆ ಪಟ್ಟಿಯಲ್ಲಿವೆ. ದೇಣಿಗೆ ಸಂಗ್ರಹ ಇಲ್ಲ.

ಫೋನನ್ನು ಕೆಳಗಿಡಿ

ಟ್ರಸ್ಟಿಗಳ ವಾಟ್ಸ್ಆ್ಯಪ್ ಗುಂಪು ಇದ್ದರೆ ಇವತ್ತೇ ಅಳಿಸಿ ಎನ್ನುತ್ತಿದ್ದೆ, ಆದರೆ ಅಳಿಸುವುದೂ ತಪ್ಪಾದೀತು, ಅದರೊಳಗಿನ ಮಾತು ಸಾರ್ವಜನಿಕ ದಾಖಲೆಯಾಗಿರಬಹುದು. ಷಾಂಪೇನ್ ನಗರಸಭೆಯ ಸದಸ್ಯರು ಸಭೆಯ ನಡುವೆ ತಮ್ಮ ಸ್ವಂತ ಫೋನಿನಿಂದ ಕಳಿಸಿದ್ದ ಮೆಸೇಜುಗಳನ್ನು ಕೂಡ ಕೇಳಿದವರಿಗೆ ಕೊಡಬೇಕು ಎಂದು 2013ರಲ್ಲಿ ಇಲಿನಾಯ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಹಾಗಾಗಿ ಗುಂಪಿನಲ್ಲಿ ಬರೆಯುವುದನ್ನು ನಿಲ್ಲಿಸಿ, ಹಳೆಯದನ್ನು ಏನು ಮಾಡಬೇಕೆಂದು ಲೈಬ್ರರಿಯ ವಕೀಲರನ್ನು ಕೇಳಿ.

ಸಭೆ ಎಂಬುದರ ಅರ್ಥ ಹೇಳುವಾಗ ಇಮೇಲ್, ಚಾಟ್, ಇನ್‌ಸ್ಟಂಟ್ ಮೆಸೇಜ್‌ಗಳನ್ನು ಕಾಯ್ದೆ ಹೆಸರಿಟ್ಟೇ ಹೇಳಿದೆ. ಲೈಬ್ರರಿಯನ್ನು ನಡೆಸುವ ಸಂಬಳದ ನಿರ್ದೇಶಕರು ಎಲ್ಲರಿಗೂ ಮಾಹಿತಿ ಕಳಿಸಲಿ, ತೊಂದರೆಯಿಲ್ಲ. ‘ಐದು ಸಾವಿರ ಡಾಲರ್ ಸಾಲದು, ಹತ್ತು ಕೇಳಿ’ ಎಂದು ನೀವು ಎಲ್ಲರಿಗೂ ಉತ್ತರ ಒತ್ತಿದಿರೋ, ಕತೆ ಬೇರೆ. ನಿರ್ದೇಶಕರನ್ನು ಅಂಚೆಯವರನ್ನಾಗಿ ಮಾಡಿಕೊಂಡು ಒಬ್ಬೊಬ್ಬರ ಅಭಿಪ್ರಾಯ ಸುತ್ತಾಡಿಸುವುದೂ ಬೇಡ. ಅದು ಕಾಯ್ದೆಯ ಕಣ್ಣಿಗೆ ಮಣ್ಣೆರಚುವ ಉಪಾಯದ ಹಾಗೇ ಕಾಣುತ್ತದೆ.

ಯಾರಾದರೂ ಅನುಮಾನಗೊಂಡರೆ ತಪ್ಪು ನಡೆದ 60 ದಿನದೊಳಗೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಪಬ್ಲಿಕ್ ಆ್ಯಕ್ಸೆಸ್ ಕೌನ್ಸಿಲರ್‌ಗೆ (ಇಂಥ ದೂರುಗಳನ್ನು ನೋಡುವ ಅಧಿಕಾರಿ) ದೂರಬಹುದು. ಕಾಯ್ದೆ ಮುರಿಯುವುದು ಸಣ್ಣ ದರ್ಜೆಯದಾದರೂ ಕ್ರಿಮಿನಲ್ ಅಪರಾಧವೇ.

ಕೇಳಲು ಹೋಗುವಾಗ

ಒಬ್ಬ ಟ್ರಸ್ಟಿ, ಜೊತೆಗೆ ನಿರ್ದೇಶಕರು. ಇದಕ್ಕಿಂತ ಒಳ್ಳೆಯ ಜೋಡಿಯಿಲ್ಲ. ನಿರ್ದೇಶಕರು ಬೋರ್ಡಿನ ಸದಸ್ಯರಲ್ಲ, ಲೆಕ್ಕಕ್ಕೆ ಬರುವುದಿಲ್ಲ. ಒಬ್ಬ ಟ್ರಸ್ಟಿ ಐವತ್ತು ದಾನಿಗಳನ್ನು ಕಂಡರೂ ಕಾಯ್ದೆ ತಕರಾರು ಮಾಡುವುದಿಲ್ಲ. ಆದರೆ ಬೋರ್ಡಿನ ಪರವಾಗಿ ಭರವಸೆ ಕೊಡಬೇಡಿ. ‘ಓದುವ ಕೋಣೆಗೆ ನಿಮ್ಮ ತಾಯಿಯ ಹೆಸರಿಡ್ತೀವಿ’ ಎನ್ನಲು ಒಬ್ಬರಿಗೆ ಅಧಿಕಾರವಿಲ್ಲ. ‘ಬೋರ್ಡಿನ ಮುಂದೆ ಇಡ್ತೀನಿ’ ಅನ್ನಿ.

ಅನೇಕ ಊರುಗಳಲ್ಲಿ ಲೈಬ್ರರಿಗೆ ‘ಫ್ರೆಂಡ್ಸ್’ ಎಂಬ ಪ್ರತ್ಯೇಕ ಲಾಭರಹಿತ ಸಂಸ್ಥೆ ಇರುತ್ತದೆ. ಹಳೆ ಪುಸ್ತಕ ಮಾರಾಟ, ಊಟದ ಕೂಟ, ಚಂದಾ ಪತ್ರ ಎಲ್ಲ ಅವರದೇ ಕೆಲಸ. ಓಡಾಟವನ್ನು ಅವರಿಗೆ ಬಿಡಿ. ಆ ಸಂಸ್ಥೆಯ ಸಮಿತಿಯಲ್ಲಿ ಟ್ರಸ್ಟಿಗಳು ಮೂವರು ಕೂರದಂತೆ ಮಾತ್ರ ನೋಡಿಕೊಳ್ಳಿ. ಊಟದ ಕೂಟಕ್ಕೆ ಏಳೂ ಟ್ರಸ್ಟಿಗಳು ಬರಬಹುದು, ಬರಲಿ. ಬೇರೆ ಬೇರೆ ಮೇಜಿನಲ್ಲಿ ಕೂರಿಸಿ. ನೀವಿಬ್ಬರು ಹೊಸ ಕಪಾಟಿನ ವಿಚಾರ ಮಾತಾಡುತ್ತಿರುವಾಗ ಮೂರನೆಯವರು ತಟ್ಟೆ ಹಿಡಿದು ಬಂದರೆ ಸಮೋಸದ ಗುಣಗಾನ ಶುರು ಮಾಡಿ. ಕೂಟದಲ್ಲಿ ಲಕ್ಕಿ ಡ್ರಾ ಇಡುವುದಾದರೆ ಊರಿನ ಅಥವಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಲೈಸೆನ್ಸ್ ಬೇಕು. ಇದನ್ನು ಮರೆಯುವವರೇ ಹೆಚ್ಚು.

ಹಣ ಬಂದ ಮೇಲೆ

ದೇಣಿಗೆಯನ್ನು ತೆರೆದ ಸಭೆಯಲ್ಲಿ ಒಪ್ಪಿಕೊಂಡು ಷರತ್ತುಗಳಿದ್ದರೆ ಓದಿ ಹೇಳಿ, ನಡಾವಳಿಯಲ್ಲಿ ಬರೆಸಿ. 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಕೊಟ್ಟವರಿಗೆ ತೆರಿಗೆ ವಿನಾಯಿತಿ ಬೇಕಿದ್ದರೆ ಲಿಖಿತ ರಸೀದಿ ಬೇಕೇ ಬೇಕು. ಫ್ರೆಂಡ್ಸ್ ಸಂಸ್ಥೆಯ ಕೂಟದ ಟಿಕೆಟ್ 100 ಡಾಲರ್, ಊಟದ ಬೆಲೆ 40 ಎಂದಾದರೆ ದಾನವೆನಿಸುವುದು 60 ಮಾತ್ರ. ಕೊಟ್ಟ ಹಣ 75 ಡಾಲರ್ ದಾಟಿದ್ದರಿಂದ ಈ ಲೆಕ್ಕವನ್ನು ಸಂಸ್ಥೆಯೇ ಬರೆದು ತಿಳಿಸಬೇಕು.

ಲೈಬ್ರರಿಯ ವೆಬ್‌ಸೈಟನ್ನು ಪೂರ್ಣಾವಧಿ ಸಿಬ್ಬಂದಿ ನೋಡಿಕೊಳ್ಳುತ್ತಿದ್ದರೆ, ನಡಾವಳಿಗೆ ಒಪ್ಪಿಗೆ ಸಿಕ್ಕ 10 ದಿನದೊಳಗೆ ಅದು ಅಲ್ಲಿ ಕಾಣಬೇಕು. ಅದಕ್ಕೂ ಮುಂಚೆ ದಾನಿಯ ಹೆಸರಿನ ಸ್ಪೆಲಿಂಗ್ ಒಮ್ಮೆ ನೋಡಿಕೊಳ್ಳಿ.